ಪಪ್ಪಿಗೆ ಒಗ್ಗದ ಸೊಪ್ಪು

ವಿಜಯವಾಡದಲ್ಲಿದ್ದುಕೊಂಡು ಲೆಟ್ಯೂಸ್ ಬೆಳೆಯುತ್ತೇನೆ ಎಂದರೆ ಬೆಂಗಳೂರಿನ ನೆಂಟರು ಫೋನಿನಲ್ಲೇ ನಗುತ್ತಾರೆ. ನಗಲಿ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟಿದ್ದೂ ಉಂಟು ಈ ಊರು. ಬೆಳಿಗ್ಗೆ ತಾರಸಿಗೆ ಹಾಕಿದ ಹಪ್ಪಳ ಮಧ್ಯಾಹ್ನಕ್ಕೆ ಡಬ್ಬಿ ಸೇರುತ್ತದೆ. ಲೆಟ್ಯೂಸಿಗೋ ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು ಬೇಕು. ಆದರೂ ಕೃಷ್ಣಾ ತೀರಕ್ಕೂ ಚಳಿಗಾಲ ಅಂತ ಒಂದಿದೆ. ಕಾರ್ತಿಕ ದೀಪಗಳ ಹಿಂದೆ ಮೆಲ್ಲಗೆ ಬಂದು, ಸಂಕ್ರಾಂತಿಯ ಭೋಗಿ ಬೆಂಕಿಯ ಮುಂದೆ ಒಂದಿಷ್ಟು ಕೂತು, ರಥಸಪ್ತಮಿಗೆ ಎದ್ದು ಹೋಗುತ್ತದೆ. ಬಿತ್ತಿ, ಬೆಳೆದು, ತಿಂದು ಮುಗಿಸುವುದೆಲ್ಲ ಅಷ್ಟರೊಳಗೇ ಆಗಬೇಕು.

ನಮ್ಮವರ ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ಮೊದಲು ವಿಶಾಖಪಟ್ಟಣ, ಈಗ ವಿಜಯವಾಡ. ನಡುವಿನ ಮುನ್ನೂರೈವತ್ತು ಕಿಲೋಮೀಟರನ್ನು ನನ್ನ ಕುಂಡಗಳೂ ಲಾರಿಯಲ್ಲಿ ಕ್ರಮಿಸಿವೆ. ರಾಜಮಹೇಂದ್ರವರದ ಹತ್ತಿರ ಕಡಿಯಂ ಬರುತ್ತದಲ್ಲ, ಊರಿಗೆ ಊರೇ ನರ್ಸರಿ, ಅಲ್ಲಿ ಕಾರು ನಿಲ್ಲಿಸಬೇಡಿ ಎಂದು ನಮ್ಮವರು ಡ್ರೈವರಿಗೆ ಮೊದಲೇ ಹೇಳಿಟ್ಟಿದ್ದರು. ಡ್ರೈವರಿಗೆ ಟೀ ಬೇಕಾಯಿತು. ನಿಂತೆವು. ಹೊರಡುವಾಗ ನನ್ನ ತೊಡೆಯ ಮೇಲೆ ಎರಡು ದಾಸವಾಳ ಇದ್ದವು.

ಲೆಟ್ಯೂಸಿನಲ್ಲಿ ಗಡ್ಡೆ ಕಟ್ಟುವ ಜಾತಿ ಬೇರೆ, ಬಿಡಿ ಎಲೆಯ ಜಾತಿ ಬೇರೆ. ಗಡ್ಡೆಯದಕ್ಕೆ ದೀರ್ಘ ತಂಪು ಬೇಕು, ಕೊಯ್ದರೆ ಒಂದೇ ಏಟಿಗೆ ಮುಗಿಯಿತು. ಬಿಡಿ ಎಲೆಯದು ಹಾಗಲ್ಲ. ಬಿತ್ತಿದ ತಿಂಗಳು ಒಂದೂವರೆ ತಿಂಗಳಿಗೆ ಹೊರಗಿನ ಎಲೆ ಮುರಿದುಕೊಳ್ಳಬಹುದು, ಒಳಗಿನ ಸುಳಿ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಒಂದು ಗೇಣು ಆಳದ ತೊಟ್ಟಿ ಸಾಕು. ವರ್ಗಾವಣೆಯ ಸಂಸಾರಕ್ಕೆ ಇದೇ ಸರಿ ಅಂತ ನನ್ನ ಮತ. ಆರ್ಡರು ಯಾವತ್ತು ಬಂದರೂ ಅಲ್ಲಿಯವರೆಗಿನದನ್ನು ತಿಂದಿರುತ್ತೇವೆ.

ಕಷ್ಟವೆಲ್ಲ ಬೀಜದ್ದು. ಮಣ್ಣು ಮೂವತ್ತು ಡಿಗ್ರಿ ಮೀರಿ ಕಾದಿದ್ದರೆ ಬೀಜ ಸತ್ತಿರುವುದಿಲ್ಲ, ಮಲಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟರೆ ಏಳುತ್ತದೆ. ನಮ್ಮನೆಯಲ್ಲಿ ಅದರ ಜಾಗ ದೋಸೆಹಿಟ್ಟಿನ ಪಾತ್ರೆಯ ಪಕ್ಕ. ಇನ್ನು ಬಿತ್ತುವಾಗ ಮೇಲೆ ಮಣ್ಣು ಮುಚ್ಚಬಾರದು, ಬಹಳ ತಳಿಗಳಿಗೆ ಬೆಳಕು ಬಿದ್ದರೇನೇ ಮೊಳಕೆ. ಇದರ ಗುಟ್ಟು ಒಡೆದದ್ದೂ ಬಿಡಿ ಎಲೆಯ ತಳಿಯೇ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದವರು ‘ಗ್ರ್ಯಾಂಡ್ ರ‍್ಯಾಪಿಡ್ಸ್’ ಲೆಟ್ಯೂಸಿನ ಬೀಜಕ್ಕೆ ಕೆಂಪು ಬೆಳಕು ಹಾಯಿಸಿದರು, ಮೊಳೆಯಿತು. ಕೆಂಪಿನ ಹಿಂದೆಯೇ ಅದರಾಚೆಯ ಕಡುಗೆಂಪು ಹಾಯಿಸಿದರು, ಮೊಳೆಯಲಿಲ್ಲ. ಹೀಗೆ ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನದೇ ನಡೆಯಿತಂತೆ, ನಮ್ಮ ಮನೆಗಳಲ್ಲಿ ಕೊನೆಗೆ ಮಾತಾಡಿದವರದು ನಡೆಯುವ ಹಾಗೆ. ಗಿಡಗಳಿಗೆ ಬೆಳಕಿನ ಅರಿವು ಕೊಡುವ ಫೈಟೋಕ್ರೋಮ್ ಪತ್ತೆಯಾದದ್ದು ಇದೇ ದಾರಿಯಲ್ಲಿ.

ವಿಶಾಖಪಟ್ಟಣದಲ್ಲಿ ಬಿಸಿಲಿಗಿಂತ ಉಪ್ಪಿನ ಕಾಟ. ಸಮುದ್ರದ ಗಾಳಿ ಸಾಲದೆಂದು ನಮ್ಮ ಬೋರ್ ನೀರೂ ಸಪ್ಪಗಿರಲಿಲ್ಲ. ಲೆಟ್ಯೂಸಿಗೆ ಉಪ್ಪು ಆಗದು. ಅಕ್ಕಿ ತೊಳೆದ ನೀರು, ಕುಡಿಯುವ ನೀರಿನಲ್ಲಿ ಉಳಿದದ್ದು, ಹೀಗೆ ಸಾಕಿದೆ. ಅದೂ ಅಲ್ಲದೆ ಬಿತ್ತನೆಯ ತಿಂಗಳೇ ಅಲ್ಲಿ ಚಂಡಮಾರುತದ ತಿಂಗಳು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಹೊಡೆದ ಊರು ಅದು. ಅಕ್ಟೋಬರ್ ಬಂತೆಂದರೆ ಜನ ಪಂಚಾಂಗ ಬಿಟ್ಟು ಹವಾಮಾನ ವರದಿ ನೋಡುತ್ತಾರೆ. ನಾನೂ ಕುಂಡಗಳನ್ನು ತಾರಸಿಯಿಂದ ಮೆಟ್ಟಿಲ ಕೆಳಗೆ, ಮೆಟ್ಟಿಲ ಕೆಳಗಿಂದ ತಾರಸಿಗೆ ಸಾಗಿಸುತ್ತಿದ್ದೆ.

ಆಂಧ್ರದ ರೈತುಬಜಾರಿನಲ್ಲಿ ತೋಟಕೂರ, ಪಾಲಕೂರ, ಚುಕ್ಕಕೂರ, ಬಚ್ಚಲಿಕೂರ, ಗೋಂಗೂರ ಎಂದು ಸೊಪ್ಪಿನ ಕಟ್ಟುಗಳು ರಾಶಿ ಬಿದ್ದಿರುತ್ತವೆ. ಬಹುಪಾಲಿನ ಗತಿ ಒಂದೇ, ಪಪ್ಪು, ಅಂದರೆ ತೊವ್ವೆ. ಹಾಗಾಗಿ ಇಲ್ಲಿನ ಪಕ್ಕದ ಮನೆಯ ಪಿನ್ನಿಗಾರು, ಅಂದರೆ ಚಿಕ್ಕಮ್ಮನವರು, ನನ್ನ ತೊಟ್ಟಿ ನೋಡಿ ಮೊದಲು ಕೇಳಿದ್ದೇ, “ಇದೇಂ ಆಕುಕೂರ ಅಮ್ಮಾ? ಪಪ್ಪುಲೋ ವೇಯೊಚ್ಚಾ?” ಇದ್ಯಾವ ಸೊಪ್ಪು, ಪಪ್ಪಿಗೆ ಹಾಕಬಹುದಾ ಅಂತ. ಇದನ್ನು ಬೇಯಿಸುವುದಿಲ್ಲ ಪಿನ್ನಿಗಾರೂ, ಹಸಿಯಾಗೇ ತಿನ್ನುವುದು ಎಂದೆ. ಅವರು ನನ್ನನ್ನೊಮ್ಮೆ, ಎಲೆಯನ್ನೊಮ್ಮೆ ನೋಡಿ, “ಗ್ಯಾಸ್ ಐಪೋಯಿಂದಾ?”, ಗ್ಯಾಸ್ ಮುಗಿಯಿತಾ, ಎಂದು ವಿಚಾರಿಸಿಕೊಂಡರು.

ನಮ್ಮವರದೂ ಅದೇ ಪಕ್ಷ. ‘ಹುಲ್ಲು’ ಎನ್ನುತ್ತಾರೆ. ರೋಮಿನ ಚಕ್ರವರ್ತಿ ಆಗಸ್ಟಸ್ ಕಾಯಿಲೆ ಬಿದ್ದಾಗ ವೈದ್ಯ ಮೂಸಾ ಲೆಟ್ಯೂಸ್ ತಿನ್ನಿಸಿ ಉಳಿಸಿದನಂತೆ, ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ, ಆ ವೈದ್ಯನಿಗೆ ಪ್ರತಿಮೆಯನ್ನೂ ನಿಲ್ಲಿಸಿದರಂತೆ ಎಂದು ಹೇಳಿ ನೋಡಿದೆ. “ಪಾಪ, ಅವನಿಗೆ ಹಿತಕಿದವರೆ ಸಾರು ಸಿಕ್ಕಿರಲಿಲ್ಲ” ಎಂದರು.

ಸಾಸು, ಚೀಸು ಎಂದು ಹೊರಟರೆ ನಮ್ಮ ಅಡುಗೆಮನೆಯಲ್ಲಿ ಈ ಸೊಪ್ಪು ಬಾಳುವುದಿಲ್ಲ. ನೆನೆಸಿದ ಹೆಸರುಬೇಳೆಯ ಕೋಸಂಬರಿಗೆ ಎಲೆಯನ್ನು ಕೈಯಲ್ಲೇ ಹರಿದು ಹಾಕಿ. ಒಗ್ಗರಣೆ ಆರಿರಲಿ, ಉಪ್ಪು ಬಡಿಸುವ ಹೊತ್ತಿಗೆ ಬೀಳಲಿ. ಮೊದಲೇ ಬಿದ್ದರೆ ನೀರು ಬಿಟ್ಟುಕೊಂಡು ಸೋತುಹೋಗುತ್ತದೆ. ವಿಶಾಖಪಟ್ಟಣದ ಬೀಚಿನ ಮಂಡಕ್ಕಿಯ ಮುರಿ ಮಿಕ್ಸ್ಚರನ್ನು ಮನೆಗೆ ತಂದು ಎಲೆಯಲ್ಲಿ ತುಂಬಿ ತಿನ್ನುವುದು ನಮ್ಮ ಮಗಳು ಕಂಡುಹಿಡಿದದ್ದು. ಎಲ್ಲಕ್ಕೂ ಮೇಲು ಬಿಸಿ ಅನ್ನ, ತೊಗರಿಬೇಳೆಯ ಕಂದಿಪೊಡಿ, ತುಪ್ಪ ಕಲಸಿದ ತುತ್ತನ್ನು ಎಲೆಯಲ್ಲಿ ಸುತ್ತಿ ಬಾಯಿಗಿಡುವುದು. ಖಾರ ಒಳಗೆ, ತಂಪು ಹೊರಗೆ. ಆವತ್ತು ನಮ್ಮವರು ಹುಲ್ಲನ್ನು ಎರಡನೇ ಸಲ ಕೇಳಿದರು.

ಫೆಬ್ರವರಿ ಕೊನೆಗೆ ಬಿಸಿಲು ಏರಿ ಗಿಡ ದಂಟು ಬಿಟ್ಟಿತು. ಸೇವಂತಿಗೆಯ ಕುಲದ್ದು, ಹಳದಿ ಹೂ ಬಿಡುವ ಆತುರ. ಮುರಿದರೆ ಹಾಲು, ಎಲೆಯೆಲ್ಲ ಕಹಿ. ಕಿತ್ತು ಗೊಬ್ಬರಕ್ಕೆ ಹಾಕಲು ಹೊರಟವಳನ್ನು ಪಿನ್ನಿಗಾರು ತಡೆದು, ಸೊಪ್ಪನ್ನೆಲ್ಲ ಸೆರಗಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಬಟ್ಟಲು ಬಂತು. ತೊಗರಿಬೇಳೆ, ಹುಣಸೆಹಣ್ಣು, ಹಸಿಮೆಣಸಿನಕಾಯಿ, ಧಾರಾಳ ಬೆಳ್ಳುಳ್ಳಿ ಒಗ್ಗರಣೆ. ಕಹಿ ಇತ್ತು, ಆದರೆ ಹುಳಿಯ ಮರೆಯಲ್ಲಿ ಮರ್ಯಾದೆಯಿಂದ ಕೂತಿತ್ತು. ನಮ್ಮವರು ಬಟ್ಟಲು ಬಳಿದರು.

“ಚೆಪ್ಪಾನು ಕದಾ”, ಹೇಳಿದ್ದೆನಲ್ಲ, ಎಂದರು ಪಿನ್ನಿಗಾರು. ಹಾಗೆಯೇ ಖಾಲಿಯಾದ ತೊಟ್ಟಿಯ ಕಡೆ ಕಣ್ಣು ಹಾಯಿಸಿ, ಸುಮ್ಮನೆ ಯಾಕೆ ಬಿದ್ದಿರಬೇಕು, ತೋಟಕೂರ ಹಾಕೋಣ ಎಂದರು. ಬೀಜ ಅವರದು, ಸೊಪ್ಪೂ ಅವರದೇ. ನೀರು ಹಾಕುವುದು ನನ್ನ ಪಾಲಿಗೆ.