ಊರು ಬಣ್ಣ ಹಚ್ಚಿಕೊಂಡಾಗ

ರಾಗಿ ಕೊಯ್ದು ಮೆದೆ ಹಾಕಿ ಆಯಿತು ಅಂದರೆ ಸಾಕು, ನಮ್ಮ ಹಾಸನ ಸೀಮೆಯ ಹಳ್ಳಿಗಳಲ್ಲಿ ನಾಟಕದ ಮಾತು ಶುರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆ ಹೋದರೂ ಟೀ ಅಂಗಡಿಯಲ್ಲಿ ಒಂದಲ್ಲ ಒಂದು ಊರಿನ 'ಕುರುಕ್ಷೇತ್ರ'ದ ಕರಪತ್ರ ಕೈಗೆ ಸಿಗುತ್ತದೆ. ಪಾತ್ರವರ್ಗ ಓದಿ ನೋಡಿ. ದುರ್ಯೋಧನ ಆಲೂಗಡ್ಡೆ ಬೆಳೆಯುವವನು, ಶಕುನಿ ಮೇಷ್ಟ್ರು, ಕರ್ಣ ಬಸ್ ಕಂಡಕ್ಟರ್. ಕೃಷ್ಣನ ಪಾತ್ರಕ್ಕೆ ಆಸೆಪಡುವವರು ಹೆಚ್ಚಾದರೆ ಮೊದಲನೇ ಕೃಷ್ಣ, ಎರಡನೇ ಕೃಷ್ಣ ಅಂತ ಪಾರ್ಟು ಹಂಚಿಕೊಳ್ಳುತ್ತಾರೆ. ಯಾರ ಆಸೆಯೂ ಮುರಿಯಬಾರದಲ್ಲ!

ಇದರಲ್ಲಿ ಸಂಪಾದನೆ ಏನೂ ಇಲ್ಲ ಕಣ್ರೀ. ಪಾತ್ರ ಮಾಡುವವರೇ ದುಡ್ಡು ಹಾಕುತ್ತಾರೆ. ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ಅದರಲ್ಲೇ ನಾಟಕ ಕಲಿಸುವ ಮೇಷ್ಟರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ದ್ರೌಪದಿ-ಕುಂತಿಯರ ಪಾತ್ರಕ್ಕೆ ಬರುವ ಕಲಾವಿದೆಯರ ಖರ್ಚು ಎಲ್ಲ ನಡೆಯಬೇಕು. ನೋಡುವವರಿಗೆ ಮಾತ್ರ ಪುಕ್ಕಟೆ.

ತಾಲೀಮು ನೋಡಿದ್ದೀರಾ? ಡೈರಿಗೆ ಹಾಲು ಹಾಕಿ, ಊಟ ಮುಗಿಸಿ, ಒಬ್ಬೊಬ್ಬರೇ ದೇವಸ್ಥಾನದ ಜಗುಲಿಗೆ ಬರುತ್ತಾರೆ. ಮೇಷ್ಟರು ಹಾರ್ಮೋನಿಯಂ ಮುಂದೆ ಕೂತು ಶ್ರುತಿ ಹಿಡಿಯುತ್ತಾರೆ. ದಿನವಿಡೀ ಗುದ್ದಲಿ ಹಿಡಿದ ಕೈ ಗದೆ ಎತ್ತುತ್ತದೆ. ದನಕ್ಕೆ ಕೂಗಿ ಕೂಗಿ ಒರಟಾದ ಗಂಟಲು ಮೋಹನ ರಾಗದ ಜಾಡು ಹುಡುಕುತ್ತದೆ. ಸ್ವರ ತಪ್ಪಿದರೆ ಮೇಷ್ಟರು ಪೆಟ್ಟಿಗೆ ನಿಲ್ಲಿಸುತ್ತಾರೆ, 'ಇನ್ನೊಂದು ಸಲ' ಅನ್ನುತ್ತಾರೆ. ರಾತ್ರಿ ತ್ರೀಫೇಸ್ ಕರೆಂಟಿಗೆ ಕಾಯುತ್ತಾ ಪಂಪ್‌ಸೆಟ್ ಮನೆಯಲ್ಲಿ ಕೂತು, ಜೇಬಿನಿಂದ ಪಾರ್ಟಿನ ನೋಟುಬುಕ್ಕು ತೆಗೆದು ಕಂದಪದ್ಯ ಬಾಯಿಪಾಠ ಮಾಡುವವರೂ ಇದ್ದಾರೆ. ಹತ್ತನೇ ಕ್ಲಾಸು ದಾಟದವರ ಬಾಯಲ್ಲಿ ಹಳೆಯ ಕನ್ನಡ ನಿರರ್ಗಳವಾಗಿ ಹರಿಯುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ವಿಷಯ. ಬದುವಿನ ಜಗಳಕ್ಕೆ ಮಾತು ಬಿಟ್ಟವರೂ ತಾಲೀಮಿನಲ್ಲಿ ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡಲೇಬೇಕು. ತಿಂಗಳುಗಟ್ಟಲೆ ಹೀಗೆ ಮಾತಾಡಿದ ಮೇಲೆ ಹೊಲದಲ್ಲಿ ಮುಖ ತಿರುಗಿಸಿಕೊಂಡು ಹೋಗುವುದು ಕಷ್ಟ. ಬೇರೆ ಬೇರೆ ಕೇರಿಯವರು ಒಂದೇ ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಸಿಕೊಳ್ಳುವುದು ಸಣ್ಣ ಮಾತಲ್ಲ.

ನಮ್ಮ ಜಿಲ್ಲೆಯ ಮಣ್ಣಿಗೇ ಈ ಹಾಡು-ಮಾತಿನ ರುಚಿ ಇದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ತಗೊಳ್ಳಿ. ಕಾವೇರಿ ದಡದ ಪುಟ್ಟ ಊರು. ಸಂಕೇತಿ ಸಮುದಾಯದ ಮನೆತನಗಳಲ್ಲಿ ಸಂಗೀತ ತಲೆಮಾರುಗಳಿಂದ ಮನೆಪಾಠವಾಗಿಯೇ ನಡೆದು ಬಂದಿದೆ. 1920ರಲ್ಲಿ ಅಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅವರಿಗೆ 2011ರಲ್ಲಿ ಪದ್ಮಭೂಷಣ ಬಂತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಬರೆಯಲು ವಸ್ತು ಹುಡುಕಿಕೊಂಡು ದೂರ ಹೋಗಲಿಲ್ಲ. ಹೇಮಾವತಿ ದಡದ ತಮ್ಮ ಊರಿನ ಜನರನ್ನೇ ಬರೆದರು, ಒಂದು ಪುಸ್ತಕಕ್ಕೆ 'ನಮ್ಮ ಊರಿನ ರಸಿಕರು' ಅಂತಲೇ ಹೆಸರಿಟ್ಟರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರನ್ನು ಕೊಟ್ಟಿತು. ಹೆಸರಾದವರು ಕೆಲವರು ನಿಜ. ಆದರೆ ಹಾಡನ್ನೂ ಮಾತನ್ನೂ ಕಿವಿಗೊಟ್ಟು ಕೇಳುವ ಊರು ಸುತ್ತ ಇದ್ದರೆ ತಾನೇ ಅಂಥವರು ಬೆಳೆಯುವುದು?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಹುಡುಗರು ಬೆಂಗಳೂರು ಸೇರಿದ್ದಾರೆ. ಆದರೂ ಅವರಲ್ಲಿ ಎಷ್ಟೋ ಮಂದಿ ನಾಟಕದ ದಿನಕ್ಕೆ ರಜೆ ಹಾಕಿ ಬರುತ್ತಾರೆ. ಅಪ್ಪ ಅರ್ಜುನನಾಗಿ ರಂಗಕ್ಕೆ ಬಂದಾಗ ನೋಟಿನ ಹಾರ ಹಾಕುವವರು ಅವರೇ. ಕೆಲವು ಕಡೆ ಹೆಂಗಸರೇ ತಂಡ ಕಟ್ಟಿ ಭೀಮ, ದುರ್ಯೋಧನರ ಪಾತ್ರ ಮಾಡುತ್ತಿದ್ದಾರೆ. ಇದಕ್ಕಿಂತ ಸಂತೋಷ ಇನ್ನೇನು ಬೇಕು?

ಮುಂದಿನ ಸಲ ಯಾರಾದರೂ ಕರಪತ್ರ ಕೊಟ್ಟರೆ ಮಡಿಚಿ ಜೇಬಿಗೆ ಹಾಕಿಕೊಂಡು ಮರೆತುಬಿಡಬೇಡಿ. ಒಂದು ಶಾಲು ಹೊದ್ದುಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋಗಿ, ಬೆಳಗಿನವರೆಗೆ ಕೂತು ನೋಡಿ. ಗಂಟಲು ಚೆನ್ನಾಗಿದ್ದರೆ ಮುಂದಿನ ವರ್ಷ ನೀವೂ ಒಂದು ಪಾರ್ಟು ತಗೊಳ್ಳಿ.