ಬಂಗಾರದ ಗುಡ್ಡಕ್ಕೆ ಹೋಗುವವರ ಗಮನಕ್ಕೆ

ಗಣಿ ಮುಚ್ಚಿಹೋದ ಊರನ್ನು ಚೀಟಿ ತೆಗೆಸಿ ನೋಡಿಬರುವುದು ಯುರೋಪಿನಲ್ಲಿ ಗೌರವಸ್ಥರ ಹವ್ಯಾಸವಾಗಿ ಬಹಳ ಕಾಲವಾಯಿತು. ಉತ್ತರ ಫ್ರಾನ್ಸಿನ ಕಲ್ಲಿದ್ದಲ ಸೀಮೆಯಲ್ಲಿ ಗಣಿಯಿಂದ ಎತ್ತಿ ಸುರಿದ ಹಾಳುಮಣ್ಣಿನ ಕರಿ ದಿಬ್ಬಗಳನ್ನು ಕಾರ್ಮಿಕರ ಸಾಲುಮನೆಗಳ ಸಮೇತ ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲುವಾರ್ದ್ ಎಂಬ ಹಳ್ಳಿಯ ಹಳೆಯ ಗಣಿಯಂತೂ ವಸ್ತುಸಂಗ್ರಹಾಲಯವಾಗಿ, ಕಲ್ಲಿದ್ದಲು ಕೊಡುತ್ತಿದ್ದ ಕಾಲದಲ್ಲಿ ಯಾರೂ ತೋರದಿದ್ದ ಅಕ್ಕರೆಯನ್ನು ಈಗ ಪಡೆಯುತ್ತಿದೆ. ಈ ಹವ್ಯಾಸಕ್ಕೊಂದು ಲಕ್ಷಣಗ್ರಂಥ ಬರೆಯುವುದಾದರೆ, ಮೃತ ಗಣಿಯೊಂದಕ್ಕೆ ತುಕ್ಕು ಹಿಡಿದ ರಾಟೆಗೋಪುರ, ಒಂದು ಮಣ್ಣಿನ ದಿಬ್ಬ, ದೊರೆಗಳ ಬಂಗಲೆ, ಅಳಿದುಳಿದ ಒಂದು ಕ್ಲಬ್ಬು, ಹಾಗೂ ಹಿಂದಿನ ವೈಭವವನ್ನು ನಿಟ್ಟುಸಿರಿನೊಡನೆ ವಿವರಿಸುವ ಒಬ್ಬ ನಿವೃತ್ತ ನೌಕರ, ಇಷ್ಟಾದರೂ ಇರಬೇಕೆಂದು ವಿಧಿಸಬೇಕಾದೀತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಕೋಲಾರದ ಚಿನ್ನದ ಗಣಿ ಈ ಸಕಲ ಲಕ್ಷಣಗಳಿಂದ ಕೂಡಿದ ಧೀರೋದಾತ್ತ ನಾಯಕ. ಅಲ್ಲಿ ಸಯನೈಡ್ ದಿಬ್ಬವೂ ಉಂಟು, ನಿಟ್ಟುಸಿರೂ ಉಂಟು.

ಇದೇ ಗ್ರಂಥವನ್ನು ಕೈಯಲ್ಲಿ ಹಿಡಿದು ಗದಗ ಜಿಲ್ಲೆಯ ಕಪ್ಪತಗುಡ್ಡದ ಚಿನ್ನದ ಗಣಿಗಳನ್ನು ನೋಡಲು ಹೊರಟವರಿಗೆ ಮಾತ್ರ ಪೇಚಾಟ ತಪ್ಪಿದ್ದಲ್ಲ. ಗದಗಿನ ಬಳಿಯ ಬಿಂಕದಕಟ್ಟಿಯಿಂದ ಮೊದಲಾಗಿ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಗದಗ, ಶಿರಹಟ್ಟಿ, ಮುಂಡರಗಿ ಈ ಮೂರು ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಈ ಗುಡ್ಡಸಾಲಿನಲ್ಲಿ ಗಣಿ ಇತ್ತೆಂಬುದಕ್ಕೆ ಸಾಕ್ಷಿ ಗುಡ್ಡಕ್ಕಿಂತ ಹೆಚ್ಚಾಗಿ ಭೂವಿಜ್ಞಾನಿಗಳ ವರದಿಗಳಲ್ಲಿ ಸಿಗುತ್ತದೆ. ದಾರಿ ಕೇಳಿದರೆ ಡೋಣಿ ಗ್ರಾಮದ ಕಟ್ಟೆಯ ಮೇಲೆ ಕುಳಿತ ಹಿರಿಯರು ಕಪ್ಪತ ಮಲ್ಲಯ್ಯನ ಗುಡಿಗೆ ದಾರಿ ತೋರಿಸುತ್ತಾರೆ, ಗಾಳಿಗುಂಡಿ ಬಸವಣ್ಣನಿಗೂ ತೋರಿಸುತ್ತಾರೆ, ಗಣಿಗೆ ಎಂದರೆ ಮಾತ್ರ ಬಂದವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಯಾವ ಕಂಪನಿಯವ್ರ್ರಿ ನೀವು?” ಎನ್ನುತ್ತಾರೆ. ಆ ಪ್ರಶ್ನೆಯ ಹಿಂದೆ ಒಂದು ಶತಮಾನಕ್ಕೂ ಮಿಕ್ಕಿದ ಅನುಭವವಿದೆಯೆಂಬುದನ್ನು ಪ್ರವಾಸಿ ಅರಿತುಕೊಂಡರೆ, ಬೈಗುಳ ಕೇಳಿಸಿಕೊಂಡಂತೆ ಮುಖ ಮಾಡುವ ಅಗತ್ಯ ಬೀಳುವುದಿಲ್ಲ.

ಕಂಪನಿಗಳು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಚಿನ್ನದ ಉದ್ಯಮ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ಜಲಗಾರರು. ಮಳೆಗಾಲದಲ್ಲಿ ಡೋಣಿ, ಸೊರಟೂರುಗಳ ಸುತ್ತಿನ ಹಳ್ಳಗಳು ಬಂದು ಇಳಿದ ಮೇಲೆ, ಮಡುವಿನ ಅಂಚಿನ ಮರಳನ್ನು ಮರದ ಮರಿಗೆಗೆ ತುಂಬಿ, ನೀರು ಬಿಟ್ಟು, ಮರಿಗೆಯನ್ನು ಓಲಾಡಿಸಿ ಹಗುರ ಮಣ್ಣನ್ನು ಹೊರಚೆಲ್ಲುತ್ತ ಹೋದರೆ, ಕೊನೆಗೆ ತಳದಲ್ಲಿ ಒಂದಿಷ್ಟು ಕಪ್ಪು ಉಸುಕು, ಅದರೊಳಗೆ ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಹಳದಿ ಚುಕ್ಕೆಗಳು ಉಳಿಯುತ್ತಿದ್ದವು. ಪಾದರಸವು ಚಿನ್ನವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಕಾಸಿದರೆ ಆವಿಯಾಗಿ ಹೋಗಿ ಚಿನ್ನವನ್ನು ಬಿಟ್ಟುಕೊಡುತ್ತದೆ ಎಂಬ ರಸಾಯನಶಾಸ್ತ್ರ ಅವರಿಗೆ ಶಾಲೆಯ ಹಂಗಿಲ್ಲದೆ ಗೊತ್ತಿತ್ತು. ದಿನದ ಗಳಿಕೆ ದಿನದ ಜೋಳಕ್ಕೆ ಸರಿಹೋದರೆ ಅದೇ ದೊಡ್ಡದು. ಸರಿಹೋಗದ ದಿನಗಳಿಗಾಗಿ ಅವರಲ್ಲಿ ಇನ್ನೊಂದು ವ್ಯವಸ್ಥೆಯಿತ್ತು, ಅದರ ವಿಚಾರ ಮುಂದೆ ಬರುತ್ತದೆ.

ಹಳ್ಳದ ಉಸುಕಿನಲ್ಲೇ ಚಿನ್ನ ಸಿಗುವುದಾದರೆ ಗುಡ್ಡದ ಹೊಟ್ಟೆಯಲ್ಲಿ ಎಷ್ಟಿರಬೇಡ ಎಂಬ ತರ್ಕ ಯಾವ ಕಾಲದ ಯಾವ ದೇಶದ ಮನುಷ್ಯನನ್ನೂ ಬಿಟ್ಟಿಲ್ಲ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್, 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಹೆಸರಾದವನು, 1870ರ ದಶಕದಲ್ಲಿ ಆಗ ಡಂಬಳದ ಗುಡ್ಡಗಳೆಂದು ಕರೆಸಿಕೊಳ್ಳುತ್ತಿದ್ದ ಈ ಸಾಲನ್ನು ಸುತ್ತಿ, ಇಲ್ಲಿನ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದನು. ಅತಿ ಪುರಾತನವಾದ ಈ ಬಗೆಯ ಶಿಲೆಗಳ ಪಂಗಡಕ್ಕೆ ಮುಂದೆ ಅವನೇ ಧಾರವಾಡದ ಹೆಸರಿಟ್ಟದ್ದರಿಂದ, ಪೇಢೆಯನ್ನು ಕಂಡರಿಯದ ದೇಶಗಳ ಪಠ್ಯಪುಸ್ತಕಗಳಲ್ಲೂ ಧಾರವಾಡ ಹೊಕ್ಕಿತು. ವಿಜ್ಞಾನಿಯ ವರದಿಯಲ್ಲಿ ‘ಇರಬಹುದು’ ಎಂದಿದ್ದ ಕ್ರಿಯಾಪದವು ಲಂಡನ್ನಿನ ಷೇರುಪೇಟೆ ಮುಟ್ಟುವಷ್ಟರಲ್ಲಿ ‘ಇದೆ’ ಎಂದಾಗುವುದು ವಾಡಿಕೆ. ಕೋಲಾರದ ಲಾಭ ಕಂಡು ಬಾಯಲ್ಲಿ ನೀರೂರಿದ್ದ ಹೂಡಿಕೆದಾರರಿಗೆ ಅಷ್ಟು ಸಾಕಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿಗಳ ಸುತ್ತ ಬಾವಿಗಳು ಇಳಿದವು.

ಹೆಸರುಗಳ ಮಟ್ಟಿಗೆ ಈ ಗಣಿಗಳಲ್ಲಿ ಬಡತನವೇನೂ ಇರಲಿಲ್ಲ. ಕೋಲಾರದ ಚಾಂಪಿಯನ್ ರೀಫನ್ನು ನೆನಪಿಸುವಂತೆ ಇಲ್ಲೊಂದು ‘ಹೊಸೂರು ಚಾಂಪಿಯನ್’ ಇತ್ತು, ಇನ್ನೊಂದು ‘ಸಾಂಗ್ಲಿ’ ಗಣಿ ಇತ್ತು. ಗದಗಿಗೂ ಸಾಂಗ್ಲಿಗೂ ಏನು ನಂಟು ಎನ್ನುವವರು ಅಂದಿನ ನಕಾಶೆಯನ್ನು ನೋಡಬೇಕು: ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಇಷ್ಟು ಸಣ್ಣ ಸೀಮೆಗೆ ಇಷ್ಟು ಮಂದಿ ಒಡೆಯರಿದ್ದರೂ, ಚಿನ್ನವನ್ನು ಒಳಗಿಟ್ಟುಕೊಂಡ ಬೆಣಚುಕಲ್ಲಿನ ಎಳೆ ಮಾತ್ರ ಯಾರ ಸರಹದ್ದನ್ನೂ ಲೆಕ್ಕಿಸದೆ ನೆಲದೊಳಗೆ ತನಗೆ ತೋಚಿದತ್ತ ಹೊರಳುತ್ತಿತ್ತು. ಒಂದೆಡೆ ಕೈತುಂಬ ದಪ್ಪವಾಗಿ ಆಸೆ ಹುಟ್ಟಿಸಿ, ನಾಲ್ಕು ಮಾರು ಮುಂದೆ ಹಿಡಿದವರ ಕೈಗೆ ಸಿಗದೆ ನುಣುಚಿಕೊಳ್ಳುತ್ತಿತ್ತು. ಟನ್ ಕಲ್ಲಿಗೆ ನಾಲ್ಕೈದು ಗ್ರಾಂ ಚಿನ್ನ ಬಂದರೆ ಅದನ್ನು ಒಳ್ಳೆಯ ಗಣಿಯೆನ್ನಬೇಕು, ಎಂದರೆ ಒಂದು ತೊಲ ಬಂಗಾರದ ತಾಳಿಸರಕ್ಕೆ ಟ್ರ್ಯಾಕ್ಟರಿನ ಒಂದು ಟ್ರೇಲರಿನಷ್ಟು ಕಲ್ಲನ್ನಾದರೂ ಒಡೆದು, ಹಿಟ್ಟು ಮಾಡಿ, ತೊಳೆಯಬೇಕು ಎಂಬುದನ್ನು ನೆನಪಿಟ್ಟರೆ, ಎಳೆ ನುಣುಚಿದಾಗ ಕಂಪನಿಯ ಮ್ಯಾನೇಜರನ ಮುಖ ಹೇಗಾಗಿರಬಹುದೆಂದು ಊಹಿಸಬಹುದು. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಗಣಿಗಳೆಲ್ಲ ಮುಚ್ಚಿದ್ದವು. ಗುಡ್ಡದಿಂದ ಹೊರಬಂದ ಚಿನ್ನಕ್ಕಿಂತ ಗುಡ್ಡದೊಳಗೆ ಹೋದ ಬಂಡವಾಳವೇ ಹೆಚ್ಚೆಂದು ಷೇರುದಾರರಿಗೆ ಅನ್ನಿಸಿದ್ದರೆ ಅವರನ್ನು ದೂರುವಂತಿಲ್ಲ.

ಇಲ್ಲಿ ಪ್ರವಾಸಿಯು ಗುಡ್ಡವನ್ನು ತುಸು ಹೊತ್ತು ಬಿಟ್ಟು, ಅದೇ ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಹೋಗಿಬರುವುದು ಯುಕ್ತ. ಕಂಪನಿಗಳು ಇತ್ತ ಬಾವಿ ತೋಡುತ್ತಿದ್ದ ಆ ದಿನಗಳಲ್ಲೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿನ ರೈತರು ಪತ್ತಿನ ಸಹಕಾರ ಸಂಘವನ್ನು, ಅಂದರೆ ಸದಸ್ಯರೇ ಷೇರುಹಣ ಕೂಡಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸಂಘವನ್ನು, ಕಟ್ಟಿದರು. ದೇಶದ ಸಹಕಾರಿ ಚಳವಳಿ ತನ್ನ ಮೂಲವನ್ನು ಹುಡುಕುವಾಗ ಬಂದು ನಿಲ್ಲುವುದು ಈ ಊರಿನಲ್ಲೇ. ಒಂದೇ ತಾಲ್ಲೂಕು, ಒಂದೇ ದಶಕ, ಎರಡೂ ಕಡೆ ಷೇರು. ಲಂಡನ್ನಿನ ಷೇರು ಚಿನ್ನದ ಮೇಲೆ ನಿಂತಿತ್ತು, ಕಣಗಿನಹಾಳದ್ದು ಹತ್ತಿ, ಜೋಳದ ಮೇಲೆ. ಮೊದಲನೆಯದಕ್ಕೆ ಏನಾಯಿತೆಂದು ಮೇಲೆ ಹೇಳಿಯಾಗಿದೆ, ಎರಡನೆಯದರ ವಿಚಾರವಾಗಿ ಪ್ರತಿ ವರ್ಷ ಸಹಕಾರ ಸಪ್ತಾಹದಲ್ಲಿ ಭಾಷಣ ಕೇಳಿ ನಾಡಿನ ಜನರ ಕಿವಿ ತುಂಬಿದೆ.

ಗುಡ್ಡಕ್ಕೆ ಮರಳಿದರೆ, ಅಲ್ಲಿ ಕಾಣುವುದು ಗಾಳಿಯಂತ್ರಗಳು. ಕೆಳಗಿನ ಚಿನ್ನಕ್ಕಾಗಿ ಬಂದವರು ಕೈಸುಟ್ಟುಕೊಂಡ ಮೇಲೆ, ಮೇಲಿನ ಗಾಳಿಗಾಗಿ ಬಂದವರು ಹಗಲಿರುಳು ರೆಕ್ಕೆ ತಿರುಗಿಸುತ್ತಿದ್ದಾರೆ. ಗಾಳಿಗೆ ಟನ್ನಿಗೆ ಇಷ್ಟು ಗ್ರಾಂ ಎಂಬ ಲೆಕ್ಕವಿಲ್ಲದಿರುವುದು ಅವರ ಅನುಕೂಲ. ಔಷಧಿಯ ಬೇರು ನಾರುಗಳಿಗಾಗಿ ನಾಟಿ ವೈದ್ಯರು ಈ ಗುಡ್ಡವನ್ನು ಮೊದಲಿನಿಂದಲೂ ನಂಬಿಕೊಂಡಿದ್ದಾರೆ. ಸರ್ಕಾರದ ನಂಬಿಕೆ ಮಾತ್ರ ಸ್ವಲ್ಪ ಓಲಾಡಿತು: 2015ರ ಡಿಸೆಂಬರಿನಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿ, 2016ರ ನವೆಂಬರಿನಲ್ಲಿ ಹಿಂತೆಗೆದುಕೊಂಡು, ಗದಗಿನಲ್ಲಿ ಧರಣಿ ಕುಳಿತವರ ಗದ್ದಲ ಕಿವಿಗೆ ಬಿದ್ದ ಮೇಲೆ 2017ರಲ್ಲಿ ಮತ್ತೆ ಸಾರಿ, 2019ರಲ್ಲಿ 244 ಚದರ ಕಿಲೋಮೀಟರುಗಳ ವನ್ಯಜೀವಿ ಧಾಮವನ್ನಾಗಿಸಿತು. ಈ ಹೋರಾಟಕ್ಕೆ ಹೆಗಲು ಕೊಟ್ಟವರಲ್ಲಿ ಮುಖ್ಯರಾದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು, 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಹೊಲ ಹೋಗದಂತೆಯೂ ತಡೆದು ನಿಂತವರು. ತೋಳ, ಕತ್ತೆಕಿರುಬಗಳಿಗೆ ಈ ಆದೇಶಗಳ ಪ್ರತಿ ತಲುಪಿದೆಯೋ ಇಲ್ಲವೋ, ಅವು ಎಲ್ಲ ಅವಧಿಯಲ್ಲೂ ಅಲ್ಲೇ ಇದ್ದವು.

ಇಷ್ಟು ಸುತ್ತಿಯೂ ಚಿನ್ನ ಕಾಣದೆ ಗದಗಿಗೆ ಮರಳುವ ಪ್ರವಾಸಿಯು ಗಿರಮಿಟ್ಟು, ಮಿರ್ಚಿಗಳನ್ನು ಮುಗಿಸಿ, ಮೇಲೆ ಹೇಳಿದ ಜಲಗಾರರ ಎರಡನೆಯ ವ್ಯವಸ್ಥೆಯನ್ನು ಗಮನಿಸಬಹುದು. ಹಳ್ಳ ಬತ್ತಿದ ತಿಂಗಳುಗಳಲ್ಲಿ ಅವರು ಪತ್ತಾರರ ಅಂಗಡಿಗಳ ಮುಂದಿನ ಗಟಾರದ ಕೆಸರನ್ನು, ಒಳಗಿನ ಕಸವನ್ನು ಕೊಂಡುಕೊಂಡು ಅದೇ ಮರಿಗೆಯಲ್ಲಿ ತೊಳೆಯುತ್ತಿದ್ದರು. ಅರವು, ಒರೆಗಲ್ಲು, ಬಟ್ಟೆಯ ಮಡಿಕೆಗಳಿಂದ ಉದುರಿದ ಪುಡಿ ಆ ಕಸದಲ್ಲಿ ಎಷ್ಟಿರುತ್ತದೆಂಬುದು ಪತ್ತಾರರಿಗೂ ಗೊತ್ತಿರುವುದರಿಂದ, ಅಕ್ಕಸಾಲೆಯ ಕಸವನ್ನು ಪುಕ್ಕಟೆ ಎಸೆಯುವ ಪದ್ಧತಿ ಇಂದಿಗೂ ಇಲ್ಲ. ಚಾಪೆ ಝಾಡಿಸಿದ ಧೂಳಿಗೂ ಅಲ್ಲಿ ದರ ಉಂಟು. ಟನ್ನಿನ ಲೆಕ್ಕದಲ್ಲಿ ಹೋಲಿಸಿದರೆ ಇಡೀ ಕಪ್ಪತಗುಡ್ಡದ ಯಾವ ಬೆಣಚುಕಲ್ಲೂ ಈ ಧೂಳಿನ ಸಮಕ್ಕೆ ಬಾರದು. ಈ ಗಣಿಗೆ ಪರಿಸರ ಇಲಾಖೆಯ ಪರವಾನಗಿ ಬೇಕಿಲ್ಲ, ಲಂಡನ್ನಿನ ಬಂಡವಾಳ ಬೇಕಿಲ್ಲ, ಮದುವೆಯ ಹಂಗಾಮು ಒಂದಿದ್ದರೆ ಸಾಕು. ಅಕ್ಷಯ ತದಿಗೆಯ ದಿನ ಸರಾಫ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ, ಪ್ರವಾಸಿಗಳು ಒಂದು ದಿನ ಮುಂಚೆ ಹೋಗುವುದು ಒಳ್ಳೆಯದು.