ಗೋಣು ಮತ್ತು ಗೋಣಿಚೀಲ

ನನಗೆ ಬಾರದ ಭಾಷೆಗಳನ್ನು ನಾನು ಬಹಳ ಚೆನ್ನಾಗಿ ಕೇಳಿಸಿಕೊಳ್ಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ ಅನ್ನಿ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಅಂತ ಬಸ್ಸಿನಲ್ಲಿ ಸುತ್ತುವವನಿಗೆ ಇದಕ್ಕಿಂತ ದೊಡ್ಡ ವಿದ್ಯೆ ಬೇಕಿಲ್ಲ. ಹಳಿಯಾಳದ ಪ್ಯಾಟಿಯಲ್ಲಿ ಧಾರವಾಡದ ಗತ್ತಿನ ಕನ್ನಡವೂ ಮರಾಠಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಜೋಯಿಡಾದ ಕುಣಬಿಗಳದು ಕೊಂಕಣಿ, ಗೌಳಿವಾಡಗಳದು ಇನ್ನೊಂದೇ ಬಗೆಯ ಮರಾಠಿ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು, ಅದರ ಬೆನ್ನಿಗೆ ತೆಲುಗು, ಹಿಂದಿಗಳೂ ಬಂದು ಕ್ವಾರ್ಟರ್ಸ್ ಹಿಡಿದವು. ಮುಂಡಗೋಡದಲ್ಲಂತೂ 1966ರಿಂದ ಟಿಬೆಟ್ಟೇ ಬಂದು ನೆಲೆಸಿದೆ.

ತಿಳೀತ್ರಿ, ಸಮಜಲಂ, ಸಮಝ್ ಗಯಾ, ಅರ್ಥಮೈಂದಿ, ಹಾ ಕೊ ಸೊಂಗ್. ಇವಿಷ್ಟನ್ನೂ ನಾನು ತಡವರಿಸದೆ ಹೇಳಬಲ್ಲೆ. ಅದಕ್ಕೆ ಮುಂಚೆ ಎದುರಿನವರು ಏನು ಹೇಳಿದರು ಅನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತದೆ.

ಮನೆಯ ಕನ್ನಡದಲ್ಲಾದರೂ ಏನು ಕಡಿದು ಕಟ್ಟೆ ಹಾಕಿದ್ದೇವೆ? ‘ಗೊತ್ತು’ ಅಂದರೆ ಇನ್ನು ಹೇಳಬೇಡ ಅಂತ. ‘ತಿಳೀತು’ ಅಂದರೆ ಬೇಗ ಮುಗಿಸು ಅಂತ. ‘ಅರ್ಥ ಆಯ್ತು’ ಅಂದರೆ ಹಸಿವಾಗಿದೆ. ಗಂಡ ಹೆಂಡಿರ ನಡುವೆ ‘ಹೊಂದಾಣಿಕೆ’ ಇದೆ ಎಂದರೆ ಇಬ್ಬರಲ್ಲಿ ಒಬ್ಬರು ಸುಸ್ತಾಗಿದ್ದಾರೆ. ಗುತ್ತಿಗೆದಾರನಿಗೂ ಸಾಹೇಬರಿಗೂ ‘ಅಂಡರ್‌ಸ್ಟ್ಯಾಂಡಿಂಗ್’ ಇದೆ ಎಂದರೆ ಲೆಕ್ಕ ಆಗಲೇ ಚುಕ್ತಾ ಆಗಿದೆ. ಅಮರಸಿಂಹ ತನ್ನ ಕೋಶದಲ್ಲಿ ಬುದ್ಧಿಗೆ 14 ಹೆಸರು ಕೊಟ್ಟಿದ್ದಾನೆ. ಪುಣ್ಯಾತ್ಮ, ಬುದ್ಧಿ ಇದ್ದ ಹಾಗೆ ತೋರಿಸಿಕೊಳ್ಳುವುದಕ್ಕೆ ಒಂದು ಹೆಸರನ್ನೂ ಕೊಡಲಿಲ್ಲ. ನಮ್ಮ ಕಡೆ ಅದಕ್ಕೆ ಗೋಣು ಹಾಕುವುದು ಅನ್ನುತ್ತಾರೆ.

ಜೋಯಿಡಾದಿಂದ ಹಳಿಯಾಳಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಕುಣಬಿ ಅಜ್ಜಿ ಬಂದು ಕೂತಳು. ಕಾಲ ಬಳಿ ಗೋಣಿಚೀಲ. ಕೂತವಳೇ ಶುರು ಮಾಡಿದಳು. ಕೊಂಕಣಿಯಲ್ಲಿ ನನ್ನ ಬಂಡವಾಳ ‘ವ್ಹಯ್’ ಒಂದೇ. ಹೌದು ಅಂತ ಅದರ ಅರ್ಥ. ಆದರೆ ಒಂದೇ ವ್ಹಯ್‌ನಲ್ಲಿ ಎಷ್ಟು ರಾಗ ಹೊರಡಿಸಬಹುದು ಎಂಬುದು ನುರಿತವರಿಗೇ ಗೊತ್ತು. ಅಜ್ಜಿ ದನಿ ಇಳಿಸಿದರೆ ನಾನು ಕಣ್ಣು ಕಿರಿದು ಮಾಡಿ ‘ವ್ಹ...ಯ್’ ಎಂದು ಎಳೆಯುವೆ. ದನಿ ಏರಿದರೆ ಚುಟುಕಾಗಿ ‘ವ್ಹಯ್ ವ್ಹಯ್!’ ಅವಳು ನಕ್ಕರೆ ಅರೆಗಳಿಗೆ ತಡೆದು ನಾನೂ ನಗುವೆ. ಮೊದಲೇ ನಕ್ಕರೆ ಸಿಕ್ಕಿಬೀಳುತ್ತೇವೆ, ತೀರ ತಡವಾದರೂ ಸಿಕ್ಕಿಬೀಳುತ್ತೇವೆ. ನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರೋ ತೀರಿಕೊಂಡಿರಬೇಕೆಂದು ‘ಛೇ ಛೇ’ ಎಂದೆ. ಆಮೇಲೆ ನೋಡಿದರೆ ಕಿಟಕಿಯ ಧೂಳು. ಅಜ್ಜಿ ಮಾತ್ರ ನನ್ನ ಛೇ ಛೇಗೆ ಮೆಚ್ಚಿ ತೊಡೆಯ ಮೇಲೆ ಒಂದು ಏಟು ಕೊಟ್ಟಳು. ಇಷ್ಟು ಚೆನ್ನಾಗಿ ನನ್ನ ಮನೆಯಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಂಡಿಲ್ಲ.

ಕಾಡಿನ ನಡುವಿನ ಯಾವುದೋ ತಿರುವು ಹತ್ತಿರ ಬಂದಾಗ ಅಜ್ಜಿ ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಪ್ರಶ್ನೆ. ನನ್ನ ವಿದ್ಯೆಯ ಗಂಡಾಂತರ ಇರುವುದು ಇಲ್ಲೇ. ನಾನು ಗಂಭೀರವಾಗಿ ಯೋಚಿಸಿದವನಂತೆ ಕಿಟಕಿಯಾಚೆ ನೋಡಿ, ಹೊರಳಿ, ‘ವ್ಹಯ್’ ಎಂದೆ. ಅವಳ ಮುಖ ಅರಳಿತು. ಗೋಣಿಚೀಲ ಎತ್ತಿ ನನ್ನ ತೊಡೆಯ ಮೇಲೆ ಇಟ್ಟು ಇಳಿದೇಬಿಟ್ಟಳು. ಬಸ್ಸು ಹೊರಟಿತು. ಚೀಲ ಬಿಚ್ಚಿದರೆ ಮಣ್ಣು ಮೆತ್ತಿದ ಮುಡ್ಲಿ ಗೆಡ್ಡೆ, ಒಂದೊಂದೂ ನನ್ನ ತಲೆಯಷ್ಟು.

“ಸರ, ಇದಕ್ಕ ಲಗೇಜ್ ತಿಕೀಟ ತಗೋಬೇಕ್ರಿ” ಎಂದ ಕಂಡಕ್ಟರು.

“ನಂದಲ್ಲೋ ಮಾರಾಯ!”

“ನಿಮ್ದಲ್ರೀ, ಆಕೀ ಮಗಳ್ದು. ಹಳಿಯಾಳದಾಗ ಮುಟ್ಟಸ್ತೇನಿ ಅಂದ್ರಲ್ಲ.”

“ನಾನೆಲ್ಲಿ ಅಂದೆ?”

“ವ್ಹಯ್ ಅಂದ್ರಲ್ರೀ.”

“ಹಳಿಯಾಳದಲ್ಲಿ ಎಲ್ಲಂತ ಮುಟ್ಟಿಸಲಿ?”

“ಅದನ್ನೂ ಹೇಳಿದ್ಲಲ್ರೀ. ಗೋಣ್ ಹಾಕಿದ್ರಿ!”

ಹಿಂದಿನ ಸೀಟಿನವರು, ಮುಂದಿನ ಸೀಟಿನವರು, ಡ್ರೈವರು, ಎಲ್ಲರಿಗೂ ಅಜ್ಜಿಯ ಸಂಸಾರ ಪೂರ್ತಿ ತಿಳಿದಿತ್ತು. ಅವಳೊಡನೆ ಮಾತಾಡಿದ ನನಗೊಬ್ಬನಿಗೇ ಇಲ್ಲ. ಲಗೇಜ್ ತೆತ್ತೆ. ಹಳಿಯಾಳದಲ್ಲಿ ಮಗಳು ಸ್ಟ್ಯಾಂಡಿಗೇ ಬಂದಿದ್ದಳು. ಚೀಲದ ಗುರುತು ಹಿಡಿದಳು, ನನ್ನನ್ನಲ್ಲ. ಮುಗಿಯಿತು.

ಆ ಗೆಡ್ಡೆಗಳ ಭಾರ ತೊಡೆಯಿಂದ ಇಳಿದರೂ ತಲೆಯಿಂದ ಇಳಿದಿಲ್ಲ. ಸರ್ಕಾರಿ ಕಾಗದಗಳಲ್ಲಿ ಒಂದು ಮಾತಿರುತ್ತದಲ್ಲ, ‘ಗ್ರಾಮಸ್ಥರಿಗೆ ಮನವರಿಕೆ ಮಾಡಿಕೊಡಲಾಯಿತು’ ಅಂತ? ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮಾಡಿಕೊಟ್ಟವರು ಯಾರು, ಯಾವ ಭಾಷೆಯಲ್ಲಿ, ಮನ ಯಾರದು, ಒಂದನ್ನೂ ಹೇಳುವುದಿಲ್ಲ ಆ ಕ್ರಿಯಾಪದ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ಸೂಪಾ ಎಂಬ ಊರೇ ನೀರಿನಡಿಗೆ ಹೋಯಿತು. ಜನ ರಾಮನಗರದಂಥ ಕಡೆ ಹೊಸದಾಗಿ ಒಲೆ ಹೂಡಿದರು. ಈಗ ಹುಲಿ ಸಂರಕ್ಷಿತ ಪ್ರದೇಶ, ಮತ್ತೆ ಸಭೆಗಳು, ಮತ್ತೆ ಮನವರಿಕೆ. ಕೊಂಕಣಿ ಮಾತ್ರ ಬಲ್ಲ ಅಜ್ಜಿಯೊಬ್ಬಳು ಸಾಹೇಬರ ಗ್ರಾಂಥಿಕ ಕನ್ನಡಕ್ಕೆ ಮರ್ಯಾದೆಗೆಂದು ಗೋಣು ಹಾಕಿದರೆ ಅದು ದಾಖಲೆಯಲ್ಲಿ ಒಪ್ಪಿಗೆ ಆಗುತ್ತದೆ. ನನ್ನ ಗೋಣಿಗೆ ಒಂದು ಗೋಣಿ ಗೆಡ್ಡೆ ಬಂತು. ಕೆಲವರ ಗೋಣಿಗೆ ಗದ್ದೆಯೇ ಹೋಗುತ್ತದೆ.

ರಾಫ್ಟಿಂಗಿಗೆಂದು ಬರುವ ಪ್ರವಾಸಿಗಳದು ಇನ್ನೊಂದು ಬಗೆ. ಹಳಿಯಾಳದ ಸಿದ್ದಿ ಹುಡುಗನನ್ನು ಕಂಡು ಇಂಗ್ಲಿಷಿನಲ್ಲಿ ‘ಯಾವ ದೇಶ?’ ಎಂದು ಕೇಳುತ್ತಾರೆ. ತಲೆತಲಾಂತರದಿಂದ ಇದೇ ಕಾಡಿನವನು ಅವನು. “ನಿಮಗ ಕನ್ನಡ ಬರತೈತೇನ್ರಿ?” ಎಂದು ಅವನು ಕೇಳಿದರೆ ಇವರು ನನ್ನ ಹಾಗೇ ಗೋಣು ಹಾಕುತ್ತಾರೆ.

ನನ್ನ ವಿದ್ಯೆ ನಡೆಯದ ಜಾಗ ಒಂದೇ ಒಂದು, ಮುಂಡಗೋಡದ ಲಾಮಾ ಕ್ಯಾಂಪು. ಡ್ರೆಪುಂಗ್, ಗಂದೆನ್ ಮಠಗಳ ಅಂಗಳದಲ್ಲಿ ಭಿಕ್ಷುಗಳ ತರ್ಕ ನಡೆಯುತ್ತದೆ. ಉತ್ತರಿಸುವವನು ಕೂತಿರುತ್ತಾನೆ, ಕೇಳುವವನು ನಿಂತಿರುತ್ತಾನೆ. ನಿಂತವನು ‘ಧೀಃ’ ಎಂದು ಕೂಗಿ ಶುರು ಮಾಡುತ್ತಾನೆ. ಮಂಜುಶ್ರೀಯ ಬೀಜಾಕ್ಷರ ಅದು. ಅಮರಸಿಂಹನ 14ರಲ್ಲೂ ಒಂದು. ಆಮೇಲೆ ಪ್ರತಿ ಪ್ರಶ್ನೆಗೂ ಕಾಲು ನೆಲಕ್ಕೆ ಅಪ್ಪಳಿಸಿ, ಕೂತವನ ಮೂಗಿನ ಹತ್ತಿರ ಚಟ್ಟನೆ ಒಂದು ಚಪ್ಪಾಳೆ. ಕೂತವನಿಗೆ ಇರುವುದು ನಾಲ್ಕೇ ಉತ್ತರ. ಒಪ್ಪಿದೆ. ಏಕೆ? ಹೇತು ಸಿದ್ಧವಾಗಿಲ್ಲ. ವ್ಯಾಪ್ತಿ ಇಲ್ಲ. ತಾನು ಹೇಳಿದ್ದಕ್ಕೆ ತಾನೇ ಅಡ್ಡಬಿದ್ದನೋ, ‘ತ್ಸಾ!’ ಎಂಬ ಗರ್ಜನೆ. ಗೆಶೆ ಪದವಿಗೆ ಹೀಗೆ ಸುಮಾರು 20 ವರ್ಷ ಸವೆಸಬೇಕು. ಆ ನಾಲ್ಕರಲ್ಲಿ ‘ತಿಳೀತು’ ಇಲ್ಲ. ‘ಹ್ಞೂಂ’ ಇಲ್ಲವೇ ಇಲ್ಲ.

ತರ್ಕ ಮುಗಿಸಿ ಬಂದ ಎಳೆಯ ಭಿಕ್ಷುವೊಬ್ಬ ಚಹಾದಂಗಡಿಯಲ್ಲಿ ಸಿಕ್ಕ. ಅಚ್ಚ ಮುಂಡಗೋಡದ ಕನ್ನಡ.

“ತಿಳೀಲಿಲ್ಲ ಅಂದ್ರ ಏನ್ ಮಾಡ್ತೀರಿ?” ಎಂದೆ.

“ಯಾಕ ಅಂತ ಕೇಳ್ತೀವ್ರಿ.”

“ತಿಳೀತು ಅಂದ್ರ?”

“ಆವಾಗೂ ಯಾಕ ಅಂತ ಕೇಳ್ತೀವ್ರಿ.”

ನಾನು ರೂಢಿಯಂತೆ ಗೋಣು ಹಾಕಿ, “ತಿಳೀತ್ರಿ” ಎಂದೆ.

ಅವನು ಲೋಟ ಕೆಳಗಿಟ್ಟ. “ಏನ್ ತಿಳೀತ್ರಿ?”

ನನ್ನ ಪುಣ್ಯ, ಅಷ್ಟರಲ್ಲಿ ಪ್ಯಾಟಿಗೆ ಹೋಗುವ ಟೆಂಪೊ ಹಾರ್ನ್ ಹೊಡೆಯಿತು. ಆ ಭಾಷೆ ಮಾತ್ರ ನನಗೆ ಪೂರ್ತಿ ತಿಳಿಯುತ್ತದೆ.